ಆಟಿಕೆಗೆ ಪರದೆಯ ಮೆರುಗು: ಟಿವಿ ಸರಣಿಗಳ ರಂಗಪರಿಕರ ಮತ್ತು ಮರುರೂಪದ ಹವ್ಯಾಸ

ಮಹಾಕೂಟದ ಪುಷ್ಕರಿಣಿಯಲ್ಲಿ ಮಿಂದು ಬನಶಂಕರಿಯತ್ತ ಹೊರಳುವ ಯಾತ್ರಿಕರಿಗೆ ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಎರಡು ಬಗೆಯ ಹುಸಿ ಆಯುಧಗಳು ಎದುರಾಗುತ್ತವೆ. ಒಂದು, ಅಂಗಡಿಸಾಲಿನಲ್ಲಿ ಮಕ್ಕಳಿಗಾಗಿ ತೂಗುಹಾಕಿದ, ಗುಂಡಿ ಒತ್ತಿದರೆ ಕೆಂಪು ದೀಪ ಮಿನುಗಿಸಿ ಕಿರುಚುವ ಪ್ಲಾಸ್ಟಿಕ್ ಪಿಸ್ತೂಲು. ಇನ್ನೊಂದು, ನಾಟಕ ಕಂಪನಿಗಳ ಡೇರೆಯೊಳಗಿನ ಬೇಗಡೆ ಹಚ್ಚಿದ ಕಟ್ಟಿಗೆಯ ಕತ್ತಿ. ಪಿಸ್ತೂಲು ಎಷ್ಟು ದೂರದಿಂದ ನೋಡಿದರೂ ಆಟಿಕೆಯೇ. ಕತ್ತಿಯಾದರೋ ಕೈಯಲ್ಲಿ ಹಿಡಿದಾಗ ಕಟ್ಟಿಗೆ, ಹತ್ತು ಮಾರು ದೂರದ ಪ್ರೇಕ್ಷಕನಿಗೆ ಉಕ್ಕು. ಇವೆರಡರ ನಡುವಿನ ಅಂತರವನ್ನು ಕೈಕೆಲಸದಿಂದ ತುಂಬುವ ಹವ್ಯಾಸವೊಂದು ಪಶ್ಚಿಮ ದೇಶಗಳಲ್ಲಿ ದಶಕಗಳಿಂದ ಬೆಳೆದುಬಂದಿದೆ. ವೈಜ್ಞಾನಿಕ ಕಥಾವಸ್ತುವಿನ ಟಿವಿ ಸರಣಿಗಳಲ್ಲಿ ಪಾತ್ರಧಾರಿಗಳು ಹಿಡಿದ ಉಪಕರಣಗಳ ಆಟಿಕೆ ಪ್ರತಿಕೃತಿಗಳನ್ನು ಕೊಂಡು, ಬಿಚ್ಚಿ, ತಿದ್ದಿ, ಬಣ್ಣ ಬಳಿದು ಪರದೆಯ ಮೇಲಿನ ವಸ್ತುವಿನಂತೆಯೇ ಕಾಣಿಸುವುದು ಇದರ ಗುರಿ.

ನಮ್ಮಲ್ಲಿ ದೂರದರ್ಶನವು 1980ರ ದಶಕದ ಕೊನೆಯಲ್ಲಿ ಬಿತ್ತರಿಸಿದ 'ಸ್ಪೇಸ್ ಸಿಟಿ ಸಿಗ್ಮಾ', 1998ರ 'ಕ್ಯಾಪ್ಟನ್ ವ್ಯೋಮ್' ಸರಣಿಗಳನ್ನು ನೋಡಿ ಬೆಳೆದ ಪೀಳಿಗೆಗೆ ಈ ಆಸೆ ಹೊಸದಲ್ಲ. ಬೆಂಗಳೂರಿಗೆ 2012ರಲ್ಲಿ ಕಾಮಿಕ್ ಕಾನ್ ಉತ್ಸವ ಬಂದ ಮೇಲೆ, ನೆಚ್ಚಿನ ಪಾತ್ರದ ವೇಷ ತೊಟ್ಟು ಹೋಗುವ ಯುವಕ ಯುವತಿಯರಿಗೆ ಕೈಯಲ್ಲಿ ಹಿಡಿಯಲು ಒಪ್ಪುವಂಥ ಪರಿಕರವೂ ಬೇಕಾಯಿತು.

ಮೂಲವೇ ಮಾರ್ಪಾಡು

ಆಟಿಕೆಯನ್ನು ತಿದ್ದುವುದು ಮೂಲವಸ್ತುವಿಗೆ ಮಾಡುವ ಅಪಚಾರವೆಂದು ಭಾವಿಸುವವರಿದ್ದಾರೆ. ಆದರೆ ಮೂಲವಸ್ತುಗಳ ಹುಟ್ಟನ್ನು ಕೆದಕಿದರೆ ಬೇರೆಯೇ ಸಂಗತಿ ಹೊರಬೀಳುತ್ತದೆ. 1966ರಲ್ಲಿ ಅಮೆರಿಕದಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್' ಸರಣಿಯ ಮೊದಲ ಕಂತಿಗಾಗಿ ಭವಿಷ್ಯದ ಕಾಲದ್ದೆನಿಸುವ ಉಪ್ಪುದಾನಿಗಳನ್ನು ತರಲಾಯಿತು. ಅವು ಎಷ್ಟು ವಿಚಿತ್ರವಾಗಿದ್ದವೆಂದರೆ ಪ್ರೇಕ್ಷಕರು ಅವನ್ನು ಉಪ್ಪುದಾನಿಯೆಂದೇ ಗುರುತಿಸಲಾರರೆಂಬ ಅಳುಕು ಮೂಡಿತು. ಕೊನೆಗೆ ಅವೇ ನೌಕೆಯ ವೈದ್ಯ ಡಾಕ್ಟರ್ ಮೆಕಾಯ್ ಅವರ ಶಸ್ತ್ರಚಿಕಿತ್ಸಾ ಸಲಕರಣೆಗಳಾದವು. ಅದೇ ಸರಣಿಯ ಕಮ್ಯುನಿಕೇಟರ್ ಎಂಬ, ಮುಚ್ಚಳ ತೆರೆದು ಮಾತನಾಡುವ ಉಪಕರಣವನ್ನು ರೂಪಿಸಿದವರು ಕಲಾವಿದ ವಾ ಚಾಂಗ್. ಅದರ ಮುಖದ ಮೇಲೆ ತಿರುಗುವ ಅಲೆಯಂಥ ಚಿತ್ತಾರವನ್ನು ಆಡಿಸುತ್ತಿದ್ದುದು ಒಳಗಡೆ ಕೂಡಿಸಿದ ಒಂದು ಸ್ಟಾಪ್‌ವಾಚ್ ಯಂತ್ರ!

ಬ್ರಿಟನ್ನಿನ ಬಿಬಿಸಿ 1963ರಿಂದ ಪ್ರಸಾರ ಮಾಡಿದ 'ಡಾಕ್ಟರ್ ಹೂ' ಸರಣಿಯದೂ ಇದೇ ಕಥೆ. ವಿನ್ಯಾಸಕಾರ ರೇಮಂಡ್ ಕ್ಯುಸಿಕ್ ರೂಪಿಸಿದ ಡಾಲೆಕ್ ಎಂಬ ಭಯಾನಕ ಯಂತ್ರಜೀವಿಯ ಒಂದು ತೋಳು, ಕಟ್ಟಿಕೊಂಡ ಸಿಂಕನ್ನು ತೆರವುಗೊಳಿಸುವ ರಬ್ಬರ್ ಬಟ್ಟಲಿನ ಕೋಲು. ಟಿವಿಯನ್ನು ಬಿಟ್ಟು ಸಿನಿಮಾಕ್ಕೆ ಬಂದರೆ, 1977ರ 'ಸ್ಟಾರ್ ವಾರ್ಸ್' ಚಿತ್ರದ ನಾಯಕನ ಬೆಳಕಿನ ಖಡ್ಗದ ಹಿಡಿ ಹಳೆಯ ಗ್ರಾಫ್ಲೆಕ್ಸ್ ಕ್ಯಾಮೆರಾದ ಫ್ಲಾಷ್ ಹಿಡಿಕೆಯೇ ಆಗಿತ್ತು. ಹೀಗೆ ಇರುವ ವಸ್ತುವನ್ನು ಇನ್ನೊಂದಾಗಿ ಕಾಣಿಸಿದ್ದೇ ಆ ರಂಗಪರಿಕರಗಳ ಜನ್ಮವೃತ್ತಾಂತ. ಆಟಿಕೆಯ ಮೇಲೆ ಉಪ್ಪು ಕಾಗದ ಉಜ್ಜುವವನು ಅದೇ ದಾರಿಯಲ್ಲಿ ನಡೆಯುತ್ತಿದ್ದಾನೆ ಎನ್ನಬೇಕು.

ಆಟಿಕೆ ತಯಾರಕರ ಲೆಕ್ಕಾಚಾರ ಬೇರೆ. ಬ್ಯಾಟರಿ, ಧ್ವನಿಪೆಟ್ಟಿಗೆ, ಸ್ಕ್ರೂಗಳಿಗೆ ಜಾಗ ಬೇಕೆಂದು ಅವರು ಮೂಲದ ಆಕಾರವನ್ನು ಒಂದಿಷ್ಟು ಉಬ್ಬಿಸುತ್ತಾರೆ. ಅಚ್ಚಿನಲ್ಲಿ ಎರಕ ಹೊಯ್ದ ಎರಡು ಹೋಳುಗಳನ್ನು ಕೂಡಿಸಿದ ಗೆರೆ ನಡುವೆ ಎದ್ದು ಕಾಣುತ್ತದೆ. ಲೋಹವಿರಬೇಕಾದಲ್ಲಿ ಬೂದು ಬಣ್ಣದ ಪ್ಲಾಸ್ಟಿಕ್ ಇರುತ್ತದೆ. ಚೂಪು ಅಂಚುಗಳು ಮಗುವಿನ ಕೈಗೆ ತಾಗದಂತೆ ಮೊಂಡಾಗಿರುತ್ತವೆ. ಹವ್ಯಾಸಿಯ ಕಣ್ಣಿಗೆ ಇವೆಲ್ಲ ದೋಷಗಳು. ಆದರೆ ಇವುಗಳಲ್ಲಿ ಕೆಲವು ಮಗುವಿನ ರಕ್ಷಣೆಗೆಂದೇ ಬೇಕೆಂದು ಇಟ್ಟವು ಎಂಬುದನ್ನು ಮರೆಯಲಾಗದು.

ಕಿನ್ನಾಳದ ಕಿಟ್ಟ, ಗ್ಯಾರೇಜಿನ ಪುಟ್ಟಿ

ಕೆಲಸ ಆರಂಭವಾಗುವುದು ಸ್ಕ್ರೂ ಬಿಚ್ಚುವುದರಿಂದ. ಪ್ರತಿ ಹಂತದಲ್ಲೂ ಒಂದು ಛಾಯಾಚಿತ್ರ ತೆಗೆದಿಟ್ಟುಕೊಂಡರೆ, ಯಾವ ತಂತಿ ಎಲ್ಲಿತ್ತೆಂದು ಆಮೇಲೆ ಪರದಾಡಬೇಕಿಲ್ಲ. ಒಳಗಿನ ವಿದ್ಯುತ್ ಭಾಗಗಳನ್ನು ಹೊರತೆಗೆದು ಹೋಳುಗಳನ್ನು ಸೋಪಿನ ನೀರಿನಲ್ಲಿ ತೊಳೆಯಬೇಕು. ಅಚ್ಚಿನಿಂದ ಸುಲಭವಾಗಿ ಬಿಡಿಸಲೆಂದು ಹಚ್ಚಿದ ಜಿಡ್ಡು ಉಳಿದಿದ್ದರೆ ಬಣ್ಣ ನಿಲ್ಲುವುದಿಲ್ಲ. ಇಲ್ಲಿ ಆತುರಪಟ್ಟು ಉಗುರುಬಣ್ಣ ಅಳಿಸುವ ದ್ರವವನ್ನು ಬಳಸುವವರುಂಟು. ಅದರಲ್ಲಿ ಅಸಿಟೋನ್ ಇದ್ದರೆ, ಬಹಳಷ್ಟು ಆಟಿಕೆಗಳಿಗೆ ಬಳಸುವ ಎಬಿಎಸ್ ಪ್ಲಾಸ್ಟಿಕ್ ಬೆಣ್ಣೆಯಂತೆ ಮೆತ್ತಗಾಗಿ ಆಕಾರವೇ ಕೆಡುತ್ತದೆ.

ಕೂಡುಗೆರೆಯನ್ನು ಮುಚ್ಚುವ ಕ್ರಮವನ್ನು ನಮ್ಮ ನೆರೆಯ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಯಾರಿಗಾದರೂ ಹೇಳಿಕೊಡಬಲ್ಲರು. ಹಗುರ ಕಟ್ಟಿಗೆಯ ತುಂಡುಗಳನ್ನು ಜೋಡಿಸಿ ಬೊಂಬೆ ಮಾಡುವ ಅವರು, ನೆನೆಸಿ ಒಣಗಿಸಿ ಪುಡಿ ಮಾಡಿದ ಸೆಣಬಿನ ಚಿಂದಿ, ಕಟ್ಟಿಗೆಯ ಹೊಟ್ಟು, ಹುಣಸೆಬೀಜದ ಅಂಟು ಬೆರೆಸಿದ 'ಕಿಟ್ಟ'ವನ್ನು ಮೈತುಂಬ ಮೆತ್ತುತ್ತಾರೆ. ಅದರ ಮೇಲೆ ಹತ್ತಿಬಟ್ಟೆಯ ಚೂರು, ಬಳಿಕ ಬೆಣಚುಕಲ್ಲಿನ ಪುಡಿಯ ಲೇಪ, ಆಮೇಲಷ್ಟೇ ಬಣ್ಣ. ಇದೇ ಕಲ್ಲುಪುಡಿಯ ಲೇಪದಿಂದ ಬೊಂಬೆಯ ಆಭರಣಗಳನ್ನೂ ಉಬ್ಬಿಸಿ ಮೂಡಿಸುತ್ತಾರೆ. ಜೋಡಣೆ ಕಾಣಬಾರದು, ಬಣ್ಣಕ್ಕೆ ಸಮನಾದ ನೆಲ ಸಿಗಬೇಕು ಎಂಬ ತತ್ವ ಎರಡೂ ಕಡೆ ಒಂದೇ. ಹವ್ಯಾಸಿಯು ಕಿಟ್ಟದ ಬದಲು ಕಾರು ಗ್ಯಾರೇಜುಗಳ ಪುಟ್ಟಿ ಬಳಸುತ್ತಾನೆ. ಅದು ಗಟ್ಟಿಯಾದ ಮೇಲೆ 220ರಿಂದ ತೊಡಗಿ 400, 800 ಹೀಗೆ ನಯವಾಗುತ್ತ ಹೋಗುವ ಉಪ್ಪು ಕಾಗದದಿಂದ, ಕೊನೆಯ ಸುತ್ತುಗಳಲ್ಲಿ ನೀರು ಹಾಕಿ, ಉಜ್ಜುತ್ತಾನೆ. ಪ್ರೈಮರ್ ಹೊಡೆದ ಕೂಡಲೇ ಅಡಗಿದ್ದ ಗೀರುಗಳೆಲ್ಲ ಮೇಲೆದ್ದು ಅಣಕಿಸುತ್ತವೆ. ಮತ್ತೆ ಪುಟ್ಟಿ, ಮತ್ತೆ ಉಜ್ಜಾಟ. ತಾಳ್ಮೆಯಿಲ್ಲದವರು ಈ ಹಂತದಲ್ಲೇ ಕೈಬಿಡುತ್ತಾರೆ.

ಬಣ್ಣದ ವಿಷಯದಲ್ಲಿ ಸಾಮಾನ್ಯವಾಗಿ ಆಗುವ ಅತಿರೇಕಕ್ಕೆ ಉದಾಹರಣೆ ಮಹಾಕೂಟದಲ್ಲೇ ಇದೆ. ಮಹಾಕೂಟೇಶ್ವರ ಗುಡಿಗೆ ಭಕ್ತಿಯಿಂದ ಬಳಿದ ಸುಣ್ಣದ ಪದರಗಳ ಅಡಿಯಲ್ಲಿ ಚಾಲುಕ್ಯ ಶಿಲ್ಪಿಯ ಉಳಿಯ ಸೂಕ್ಷ್ಮ ಗೆರೆಗಳು ಮಸುಕಾಗಿವೆ. ಆಟಿಕೆಯ ಮೇಲಿನ ಪುಟ್ಟ ಗುಂಡಿ, ಗೀರು, ಅಂಚುಗಳೂ ದಪ್ಪ ಬಣ್ಣದಡಿ ಹೀಗೆಯೇ ಹೂತುಹೋಗುತ್ತವೆ. ಆದ್ದರಿಂದ ಒಂದು ದಪ್ಪ ಲೇಪಕ್ಕಿಂತ ನಾಲ್ಕು ತೆಳು ಲೇಪಗಳು ಮೇಲು. ಬೆಳ್ಳಿಬಣ್ಣ ಒಣಗಿದ ಮೇಲೆ ನೀರಾಗಿಸಿದ ಕಪ್ಪನ್ನು ಸವರಿ ಒರೆಸಿಬಿಟ್ಟರೆ ಸಂದುಗಳಲ್ಲಿ ಮಾತ್ರ ಕಪ್ಪು ನಿಂತು, ನೂರಾರು ಸಲ ಕೈಬದಲಾದ ಲೋಹದ ಹಳತನ ಬರುತ್ತದೆ. ಹೊಳಪೇ ಬೇಕೆಂದು ಹಟ ಹಿಡಿಯುವವರ ಕೃತಿಗಿಂತ ಹೀಗೆ ಸವೆದಂತೆ ಕಾಣುವ ಕೃತಿಯೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆಂಬುದು ಈ ಲೇಖಕನ ಅಭಿಪ್ರಾಯ.

ತೂಕದ ಮಾತೂ ಉಂಟು. ಹಿಡಿಯೊಳಗೆ ನಾಲ್ಕಾರು ಕಬ್ಬಿಣದ ನಟ್ಟುಗಳನ್ನು ಅಲುಗದಂತೆ ಅಂಟಿಸಿದರೆ ಸಾಕು, ಹಿಡಿದವರ ತೋಳು ನಡೆಯುವ ರೀತಿಯೇ ಬದಲಾಗುತ್ತದೆ.

ದೀಪ ಮತ್ತು ವಿದ್ಯುತ್ತು

ಅಗ್ಗದ ಆಟಿಕೆಯ ಮಂಕು ದೀಪವನ್ನು ತೆಗೆದು ಪ್ರಖರ ಎಲ್‌ಇಡಿ ಕೂಡಿಸುವುದು ಮೆಚ್ಚಿನ ಸುಧಾರಣೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳಿಗೆ ಕೊರತೆಯಿಲ್ಲ. ಆದರೆ ಎಲ್‌ಇಡಿಯನ್ನು ನೇರವಾಗಿ ಬ್ಯಾಟರಿಗೆ ಬೆಸೆದರೆ ಅದು ಕ್ಷಣದಲ್ಲೇ ಸುಟ್ಟುಹೋಗಬಹುದು. ಅದಕ್ಕಾಗಿ ನಡುವೆ ರೆಸಿಸ್ಟರ್ ಬೇಕು. ಲೆಕ್ಕ ಪ್ರೌಢಶಾಲೆಯಲ್ಲಿ ಕಲಿತ ಓಮನ ನಿಯಮದ್ದೇ. 9 ವೋಲ್ಟ್ ಬ್ಯಾಟರಿ, 2 ವೋಲ್ಟ್ ಬೇಡುವ ಕೆಂಪು ಎಲ್‌ಇಡಿ, 20 ಮಿಲಿಆಂಪಿಯರ್ ಪ್ರವಾಹ ಎಂದುಕೊಂಡರೆ, ಉಳಿದ 7 ವೋಲ್ಟನ್ನು 0.02ರಿಂದ ಭಾಗಿಸಿ 350 ಓಮ್ ಬರುತ್ತದೆ. ಅಂಗಡಿಯಲ್ಲಿ ಸಿಗುವ 390 ಓಮ್‌ನದನ್ನು ಹಾಕಿದರೆ ಕ್ಷೇಮ. ಬಿಳಿ ಅಥವಾ ನೀಲಿ ಎಲ್‌ಇಡಿಗೆ 3 ವೋಲ್ಟಿಗೂ ತುಸು ಹೆಚ್ಚು ಬೇಕಾಗುವುದರಿಂದ ಲೆಕ್ಕ ಮತ್ತೆ ಮಾಡಬೇಕು.

ಇಲ್ಲಿಯೇ ನಿಜವಾದ ಅಪಾಯವೂ ಇದೆ. ಆಟಿಕೆಯ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇರುವುದು ಮಗು ಅದನ್ನು ತೆರೆಯದಿರಲಿ ಎಂದು. ಅಂದಕ್ಕೆ ಅಡ್ಡಿಯೆಂದು ಆ ಸ್ಕ್ರೂವನ್ನು ಕಿತ್ತು ಅಯಸ್ಕಾಂತದ ಮುಚ್ಚಳ ಹಾಕುವ ಚಾಳಿ ಹವ್ಯಾಸಿಗಳಲ್ಲಿದೆ. ನಾಣ್ಯದಂಥ ಬ್ಯಾಟರಿಯನ್ನು, ಅದರಲ್ಲೂ 3 ವೋಲ್ಟಿನ ಲಿಥಿಯಂ ಬ್ಯಾಟರಿಯನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಗಂಭೀರ ಸುಟ್ಟಗಾಯ ಆಗಬಲ್ಲದು. ಆಗ ವಾಂತಿ ಮಾಡಿಸಲು ಯತ್ನಿಸದೆ, ಕಾದು ನೋಡದೆ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಸ್ಕ್ರೂ ಇದ್ದಲ್ಲೇ ಇರಲಿ.

ಬಣ್ಣದಲ್ಲೂ ಇಂಥದೇ ಒಂದು ಸೂಕ್ಷ್ಮವಿದೆ. ಭಾರತದಲ್ಲಿ 14 ವರ್ಷದೊಳಗಿನವರ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. (ನೋಂದಾಯಿತ ಕುಶಲಕರ್ಮಿಗಳ ವಸ್ತುಗಳಿಗೂ ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೂ ವಿನಾಯಿತಿ ದೊರೆತದ್ದು ಚನ್ನಪಟ್ಟಣದವರಿಗೆ ನೆಮ್ಮದಿಯ ಸುದ್ದಿಯಾಗಿತ್ತು.) ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ 2016ರ ನಿಯಮ 2017ರ ನವೆಂಬರಿನಲ್ಲಿ ಜಾರಿಗೆ ಬಂತು. ಆದರೆ ಆ ಮಿತಿ ಅನ್ವಯಿಸುವುದು ಗೃಹಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಿಗೆ ಮಾತ್ರ, ಕೈಗಾರಿಕಾ ಬಣ್ಣಗಳಿಗಲ್ಲ. ವಾಹನಗಳಿಗೆಂದು ಮಾಡಿದ ಸ್ಪ್ರೇಯನ್ನು ಹೊಡೆದ ಕ್ಷಣದಿಂದ ಆ ವಸ್ತುವಿನ ಮೇಲಿನ ಐಎಸ್‌ಐ ಗುರುತಿಗೆ ಅರ್ಥ ಉಳಿಯುವುದಿಲ್ಲ. ಅದು ಕಪಾಟಿನ ವಸ್ತುವಾಗಬೇಕೇ ಹೊರತು ತಮ್ಮ ತಂಗಿಯರ ಬಾಯಿಗೆ ಸಿಗಬಾರದು.

ಮಾರಾಟ, ಸಾಗಾಟ

2006ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಸಂಸ್ಥೆ 'ಸ್ಟಾರ್ ಟ್ರೆಕ್'ನ ನಿಜವಾದ ಪರಿಕರ, ಉಡುಪುಗಳನ್ನು ಹರಾಜು ಹಾಕಿದಾಗ ಬಂದ ಮೊತ್ತ 70 ಲಕ್ಷ ಡಾಲರಿಗೂ ಮಿಕ್ಕಿತ್ತು. ಇಷ್ಟು ಹಣ ಓಡಾಡುವಲ್ಲಿ, ಚೆನ್ನಾಗಿ ತಿದ್ದಿದ ಆಟಿಕೆಯೊಂದು ಮೂರನೆಯ ಕೈಗೆ ದಾಟುವಷ್ಟರಲ್ಲಿ 'ಮೂಲ'ವಾಗಿಬಿಡುವ ಸಂಭವ ಇಲ್ಲದಿಲ್ಲ. ಒಳಭಾಗದಲ್ಲಿ ಅಳಿಸಲಾಗದ ಶಾಯಿಯಿಂದ 'ಮಾರ್ಪಡಿಸಿದ ಆಟಿಕೆ' ಎಂದೂ ಇಸವಿಯನ್ನೂ ಬರೆದಿಡುವುದು ಪ್ರಾಮಾಣಿಕರ ಕ್ರಮ. ಇನ್ನೊಂದೆಡೆ, ಪೆಟ್ಟಿಗೆ ಒಡೆಯದ ಹಳೆಯ ಆಟಿಕೆಗೆ ಸಂಗ್ರಾಹಕರಲ್ಲಿ ಬೇರೆಯೇ ಬೆಲೆಯಿದೆ. ಅಂಥದನ್ನು ಬಿಚ್ಚುವ ಮುನ್ನ ಎರಡು ಸಲ ಯೋಚಿಸಬೇಕು. ಕೈಪಳಗಿಸಲು ಒಡೆದ, ಕೆಟ್ಟ ಪ್ರತಿಗಳೇ ಧಾರಾಳ ಸಾಕು.

ಪಿಸ್ತೂಲಿನಾಕಾರದ ಪರಿಕರವಾದರೆ ತುದಿಯ ಕಿತ್ತಳೆ ಬಣ್ಣದ ಪ್ರಶ್ನೆ ಬರುತ್ತದೆ. ಆಟದ ಬಂದೂಕನ್ನು ನಿಜವೆಂದು ಭ್ರಮಿಸಿ ಅನಾಹುತವಾಗಬಾರದೆಂದು ಅಮೆರಿಕದಲ್ಲಿ 1988ರ ಕಾನೂನಿನ ಮೂಲಕ ಇಂಥ ಗುರುತು ಕಡ್ಡಾಯವಾಯಿತು. ಪರದೆಯ ವಸ್ತುವಿಗೆ ಕಿತ್ತಳೆ ತುದಿಯಿರಲಿಲ್ಲವೆಂದು ಹವ್ಯಾಸಿ ಮೊದಲು ಅಳಿಸುವುದೇ ಅದನ್ನು. ಮನೆಯೊಳಗೆ ಇದು ಸರಿ. ಹೊರಗೆ ಒಯ್ಯುವಾಗ ಕಿತ್ತಳೆ ಬಣ್ಣದ ಕಳಚಬಹುದಾದ ಟೊಪ್ಪಿಗೆಯೊಂದನ್ನು ಮಾಡಿ ತೊಡಿಸುವುದು ವಿವೇಕ. ವಿಮಾನದಲ್ಲಿ ಆಯುಧದಂತೆ ಕಾಣುವ ಆಟಿಕೆಯನ್ನು ಕೈಚೀಲದಲ್ಲಿಟ್ಟು ಕ್ಯಾಬಿನ್ನಿಗೆ ಒಯ್ಯಲು ಬಿಡುವುದಿಲ್ಲ. ಬಾಗಲಕೋಟೆ, ಇಳಕಲ್ ಕಡೆಯಿಂದ ಬಸ್ಸು ರೈಲು ಹಿಡಿದು ಬೆಂಗಳೂರಿನ ಉತ್ಸವಕ್ಕೆ ಹೊರಡುವವರೂ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳದೆ, ಬ್ಯಾಟರಿ ತೆಗೆದು, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಒಯ್ಯಬೇಕು. ಪ್ರವೇಶದ್ವಾರದಲ್ಲಿ ತಪಾಸಣೆಯವರು ಕೇಳಿದರೆ ತೆರೆದು ತೋರಿಸಲು ಒಂದು ಚಿಕ್ಕ ಸ್ಕ್ರೂಡ್ರೈವರ್ ಜತೆಗಿದ್ದರೆ ಅನುಕೂಲ.