ನೀಲಿ ರೆಕ್ಕೆಯ ಗಿಳಿಗೆ ಬೇಕು ಪೊಟರೆ

ಕಾರ್ಕಳದ ಪಕ್ಕದ ಕುಕ್ಕುಂದೂರಿನಿಂದ ಮಾಳದ ದಾರಿ ಹಿಡಿದು ಪೂರ್ವಕ್ಕೆ ಸಾಗಿದರೆ ಕುದುರೆಮುಖದ ಕಾಡು ಸಿಗುತ್ತದೆ. ಅಲ್ಲಿನ ಎತ್ತರದ ಮರಗಳ ನೆತ್ತಿಯಲ್ಲಿ ಕಿರುಚುತ್ತ ಹಾರುವ ಗಿಳಿವಿಂಡನ್ನು ಗಮನಿಸಿ ನೋಡಬೇಕು. ಬಯಲಿನ ಹಸಿರು ಗಿಳಿಗಿಂತ ಬೇರೆಯಾದ ನೀಲಿ ರೆಕ್ಕೆಯ ಗಿಳಿ, ಅಂದರೆ ಮಲಬಾರ್ ಗಿಳಿ, ಅದರಲ್ಲಿರಬಹುದು. ಪಶ್ಚಿಮ ಘಟ್ಟ ಬಿಟ್ಟರೆ ಇದಕ್ಕೆ ಬೇರೆ ತವರಿಲ್ಲ.

ಉದ್ದ ಸುಮಾರು 38 ಸೆಂ.ಮೀ., ಅದರಲ್ಲಿ ಬಾಲದ ಪಾಲೇ ದೊಡ್ಡದು. ತಲೆ, ಎದೆ ಬೂದು. ರೆಕ್ಕೆಯ ಗರಿಗಳು ನೀಲಿ. ನೀಲಿ ಬಾಲದ ತುದಿ ಹಳದಿ. ಗಂಡಿನ ಕೊರಳಲ್ಲಿ ಕಪ್ಪು ಪಟ್ಟಿ, ಅದಕ್ಕಂಟಿ ನೀಲಿ-ಹಸಿರು ಪಟ್ಟಿ, ಮೇಲ್ಕೊಕ್ಕು ಕೆಂಪು. ಹೆಣ್ಣಿಗೆ ಕಪ್ಪು ಪಟ್ಟಿ ಮಾತ್ರ, ಕೊಕ್ಕೂ ಕಪ್ಪು.

ವಿಶೇಷವೆಂದರೆ, ಗಿಳಿಯ ಗರಿಯಲ್ಲಿ ನೀಲಿ ವರ್ಣದ್ರವ್ಯವೇ ಇಲ್ಲ. ಗರಿಯೊಳಗಿನ ಅತಿಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವ ರೀತಿಯಿಂದ ನಮಗೆ ನೀಲಿ ಕಾಣುತ್ತದೆ. ಅದಕ್ಕೆ ಹಳದಿ ವರ್ಣದ್ರವ್ಯ ಸೇರಿದಲ್ಲಿ ಹಸಿರು. ಆ ಹಳದಿಯನ್ನು ಗಿಳಿ ತನ್ನ ಮೈಯಲ್ಲೇ ತಯಾರಿಸಿಕೊಳ್ಳುತ್ತದೆ.

ಕಾಲಿನ ನಾಲ್ಕು ಬೆರಳುಗಳಲ್ಲಿ ಎರಡು ಮುಂದಕ್ಕೆ, ಎರಡು ಹಿಂದಕ್ಕೆ. ಹೀಗಾಗಿ ಒಂದು ಕಾಲಲ್ಲಿ ರೆಂಬೆ ಹಿಡಿದು, ಇನ್ನೊಂದರಲ್ಲಿ ಕಾಯಿ ಎತ್ತಿ, ತಿರುಗಿಸಿ ತಿರುಗಿಸಿ ಸಿಪ್ಪೆ ಬಿಡಿಸಿ ತಿನ್ನುತ್ತದೆ. ಕಾಯಿ ಒಡೆಯಲು ಗಟ್ಟಿಯಾದ ಈ ಕೊಕ್ಕು ಮರ ಕೊರೆಯಲು ಹೇಳಿ ಮಾಡಿಸಿದ್ದಲ್ಲ. ಆದ್ದರಿಂದ ಗಿಳಿ ಮರಕುಟಿಗ, ಕುಟ್ರುಹಕ್ಕಿಗಳು ಕೊರೆದು ಬಿಟ್ಟ ಪೊಟರೆಗಳನ್ನೇ ಆಶ್ರಯಿಸುತ್ತದೆ. ನಾಗಸಂಪಿಗೆಯಂಥ ಎತ್ತರದ ಮರ ಅಚ್ಚುಮೆಚ್ಚು. ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ ಮೊಟ್ಟೆಯಿಡುವ ಕಾಲ. ನಾಲ್ಕೈದು ಮೊಟ್ಟೆಗಳಿಗೆ ಬಹುಪಾಲು ಹೆಣ್ಣೇ ಕಾವು ಕೊಡುತ್ತದೆ.

ಮರಿ ಕದಿಯುವವರಿಗೂ ಈ ಪೊಟರೆಗಳೇ ಗುರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿ ಸಾಕುವುದು ಅಪರಾಧ. ಗರಿ ಕತ್ತರಿಸಿ ಮಾರುವವರಿಂದ ಮರುಕಪಟ್ಟು ಕೊಂಡರೂ ಇನ್ನೊಂದು ಪೊಟರೆ ಬರಿದಾಗಲು ಹಣ ಕೊಟ್ಟಂತೆಯೇ.

ಈ ಗಿಳಿ ಸದ್ಯಕ್ಕೆ ಅಳಿವಿನಂಚಿನಲ್ಲಿಲ್ಲ. ಹಾಗೆಯೇ ಉಳಿಸುವ ಕಾಲ ಇದು. ಕಾನೂನು ಗಿಳಿಯನ್ನು ಪಂಜರದಿಂದ ಕಾಯಬಲ್ಲದು. ಗೂಡು ಒದಗಿಸುವುದು ಹಳೆಯ ಮರ. ತೋಟದಂಚಿನ ಒಣಮರ ಸೌದೆಗಷ್ಟೇ ಲಾಯಕ್ಕು ಎಂದು ಕೊಡಲಿ ಎತ್ತುವ ಮುನ್ನ ಕಾಂಡದಲ್ಲಿ ದುಂಡನೆಯ ತೂತಿದೆಯೇ ನೋಡೋಣ. ಇದ್ದರೆ, ಮನೆಗೋ ದಾರಿಗೋ ಅಪಾಯವಿಲ್ಲದಿದ್ದರೆ, ಆ ಮರ ನಿಂತಿರಲಿ.