ಹಿತ್ತಲ ದೀಪ ಹೇಳುವ ಹುಳದ ಲೆಕ್ಕ

ನಮ್ಮ ಕಡೆ ಬೆಳೆಗೆ ಎಣ್ಣಿ ಹೊಡೆಯುವ ದಿನ ಗೊತ್ತು ಮಾಡುವವರು ಇಬ್ಬರು. ಒಬ್ಬರು ಬಾಜೂ ಹೊಲದವರು, ಇನ್ನೊಬ್ಬರು ಅಂಗಡಿಯವರು. ಬಾಜೂದವರು ಹೊಡೆದರೆಂದು ನಾವು ಹೊಡೆಯುತ್ತೇವೆ. ಅಂಗಡಿಯವರು ಹೇಳಿದರೆಂದು ಬಾಜೂದವರು ಹೊಡೆದಿರುತ್ತಾರೆ. ಹುಳ ಬಂದೈತೋ ಇಲ್ಲೋ ಎಂದು ಕೇಳಿದವರು ಯಾರೂ ಇಲ್ಲ.

ನಾನೂ ಹಾಗೇ ಮಾಡಿದವನು. ಆರು ವರ್ಷದ ಹಿಂದೆ ಮೂರು ಎಕರೆ ಎರಿ ಹೊಲದಲ್ಲಿ ಕಡಲಿ ಬಿತ್ತಿದ್ದೆ. ಹೂ ಬರುವ ಮೊದಲು ಒಂದು ಸಲ, ಹೂವಿನಲ್ಲಿ ಒಂದು ಸಲ, ಕಾಯಿ ಕಟ್ಟಿದ ಮೇಲೆ ಒಂದು ಸಲ ಎಣ್ಣಿ ಹೊಡೆದೆ. ಎಲ್ಲಾ ಉದ್ರಿ. ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಕಾಯಿ ಹಿಡಿದು ನೋಡಿದರೆ ಕಾಯಿಗೊಂದು ತೂತು. ಕಡಲಿ ಮಾರಿದ ರೊಕ್ಕ ಅಂಗಡಿ ಬಾಕಿಗೆ ಸಾಲಲಿಲ್ಲ. ಎತ್ತಿನ ಜೋಡಿ ಮಾರಿ ಬಾಕಿ ಮುಟ್ಟಿಸಿದೆ. ಅಂದಿನಿಂದ ನಮ್ಮದು ಬಾಡಿಗೆ ಗಳೇವು.

ಆಮೇಲೆ ಕುಂತು ವಿಚಾರ ಮಾಡಿದಾಗ ತಿಳಿದದ್ದು ಇಷ್ಟು. ಮೊದಲಿನ ಎರಡು ಸಲ ಹೊಡೆದದ್ದು ಹುಳವೇ ಇಲ್ಲದ ಗಿಡಕ್ಕೆ. ಮೂರನೆಯ ಸಲ ಹೊಡೆದದ್ದು ಕಾಯಿಯೊಳಗೆ ತಲೆ ತೂರಿಸಿ ಕುಂತ ಬಲಿತ ಕೀಡಿಗೆ. ಔಷಧಿ ಕೆಟ್ಟದ್ದಲ್ಲ, ಹೊತ್ತು ಕೆಟ್ಟದ್ದು.

ಕೀಡಿಗಿಂತ ಮೊದಲು ಪತಂಗ

ಕಾಯಿಕೊರಕ ಆಕಾಶದಿಂದ ಉದುರುವುದಿಲ್ಲ. ರಾತ್ರಿ ಹಾರುವ ಪತಂಗ ಕುಡಿ, ಮೊಗ್ಗು, ಹೂವಿನ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಒಂದು ಹೆಣ್ಣು ನೂರಾರು ಮೊಟ್ಟೆ ಇಡಬಲ್ಲದು. ಮೊಟ್ಟೆ ಗಸಗಸಿ ಕಾಳಿಗಿಂತ ಸಣ್ಣದು. ಮೂರರಿಂದ ಐದು ದಿನಕ್ಕೆ ಒಡೆದು ಮರಿ ಹೊರಬರುತ್ತದೆ. ಆ ಮರಿ ಮೊದಲ ಕೆಲವು ದಿನ ಎಲೆ ಕೆರೆದು ತಿನ್ನುತ್ತದೆ. ಬೇವಿನ ಕಷಾಯಕ್ಕೂ ಸಾಯುವುದು ಆಗಲೇ. ಬೆಳೆದು ಕಾಯಿ ಹೊಕ್ಕ ಮೇಲೆ ಯಾವ ಎಣ್ಣಿಗೂ ಸುಲಭಕ್ಕೆ ಬಗ್ಗುವುದಿಲ್ಲ.

ಅಂದರೆ ಪತಂಗ ಬಂದ ದಿನ ಗೊತ್ತಾದರೆ ನಮ್ಮ ಕೈಯಲ್ಲಿ ಒಂದು ವಾರ ಸಿಕ್ಕಂತೆ. ಆ ವಾರವೇ ರೈತನ ಲಾಭ. 1997–98ರಲ್ಲಿ ಕಲಬುರಗಿ, ಬೀದರ ಕಡೆ ತೊಗರಿ ಹಾಳಾದದ್ದು ಈ ಕಾಯಿಕೊರಕದ ಹಾವಳಿಯಿಂದಲೂ ಹೌದು. ಎಣ್ಣಿ ಹೊಡೆಯದೇ ಹಾಳಾಗಲಿಲ್ಲ, ಹೊಡೆದು ಹೊಡೆದು ಹಾಳಾಯಿತು. ಆ ಹುಳಕ್ಕೆ ಅಷ್ಟೊತ್ತಿಗೆ ಎಷ್ಟೋ ಔಷಧಿ ರೂಢಿಯಾಗಿ ಹೋಗಿದ್ದವು.

ದೀಪ ಹಚ್ಚುವ ಬಗೆ

ಖರ್ಚಿನ ಸಾಮಾನು ಏನೂ ಬೇಡ. ಹಿತ್ತಲಲ್ಲಿ ಬೇವಿನ ಗಿಡಕ್ಕೂ ದನದ ಕೊಟ್ಟಿಗೆಗೂ ಹಗ್ಗ ಕಟ್ಟಿ ಹಳೆಯ ಬಿಳಿ ಧೋತರ ಇಳಿಬಿಟ್ಟೆ. ಅದರ ಮುಂದೆ ಒಂದು ಮೊಳ ದೂರಕ್ಕೆ ಬಲ್ಬು. ಕೆಳಗೆ ಇನ್ನೊಂದು ಬಿಳಿ ಬಟ್ಟೆ ಹಾಸಿದೆ. ಅರಿವೆಯ ಮೇಲೆ ಕುಂತ ಪತಂಗ ಚಂದ ಕಾಣುತ್ತದೆ.

ಬಲ್ಬಿನ ಮಾತು ಮುಖ್ಯ. ಹಳದಿ ಬೆಳಕಿಗೆ ಹುಳ ಕಡಿಮೆ. ಈಗಿನ ಎಲ್‌ಇಡಿ ಬಲ್ಬಿಗೂ ಕಡಿಮೆ. ಬೀದಿಗೆ ಮೊದಲು ಹಾಕುತ್ತಿದ್ದ ಪಾದರಸದ ದೀಪಕ್ಕೆ ಎಲ್ಲಕ್ಕಿಂತ ಹೆಚ್ಚು. ಅದು ಇಲ್ಲದವರು ಹಳೆಯ ಟ್ಯೂಬ್‌ಲೈಟು, ಬಿಳಿ ಸಿಎಫ್‌ಎಲ್ ಬಲ್ಬು ಹಚ್ಚಬಹುದು. ಯಾವುದೇ ಇರಲಿ, ವರ್ಷವಿಡೀ ಅದೇ ಬಲ್ಬು ಇರಬೇಕು. ಬಲ್ಬು ಬದಲಿಸಿದರೆ ಲೆಕ್ಕ ಬದಲಾಗುತ್ತದೆ.

ದೀಪಕ್ಕೆ ಬಾರದ ಕೆಲವು ಪತಂಗ ಸಿಹಿಗೆ ಬರುತ್ತವೆ. ಕೊಳೆತ ಬಾಳೆಹಣ್ಣಿಗೆ ಬೆಲ್ಲ ಕಲಸಿ ಎರಡು ದಿನ ಹುಳಿ ಬರಿಸಿ, ಸಂಜೆ ಗಿಡದ ಬೊಡ್ಡಿಗೆ ಸವರಿದರೆ ಸಾಕು. ಹಣ್ಣು ಚುಚ್ಚಿ ರಸ ಹೀರುವ ದೊಡ್ಡ ಪತಂಗ ನಾನು ಮೊದಲು ಕಂಡದ್ದು ಹೀಗೆ. ದಾಳಿಂಬೆ, ನಿಂಬೆ ಇದ್ದವರು ಇದನ್ನು ನೋಡಿಕೊಳ್ಳಬೇಕು.

ನಾನು ಮಾಡಿದ ತಪ್ಪು

ಮೊದಲ ವರ್ಷ ರಾತ್ರಿಯಿಡೀ ದೀಪ ಬಿಟ್ಟು ಕೆಳಗೆ ನೀರಿನ ಪರಾತ ಇಟ್ಟಿದ್ದೆ. ಬೆಳಗಾದರೆ ಪರಾತ ತುಂಬಾ ಹುಳ. ಖುಷಿಯಾಯಿತು. ಆರಿಸಿ ನೋಡಿದರೆ ನಮಗೆ ಬೇಕಾದ ಹುಳಗಳೂ ಅದರೊಳಗೆ ಸತ್ತಿದ್ದವು. ಹೇನು ತಿನ್ನುವ ಹಸಿರು ರೆಕ್ಕೆಯ ಹುಳ, ಕೀಡಿಯ ಮೈಗೆ ಮೊಟ್ಟೆ ಚುಚ್ಚುವ ಸಣ್ಣ ಕಣಜ, ಎಲ್ಲಾ. ಶತ್ರುವಿನ ಜೊತೆ ಆಳುಗಳನ್ನೂ ಕೊಂದಂತಾಯಿತು.

ಇನ್ನೊಂದು ತಪ್ಪು ಮನೆಯಾಕಿ ಹಿಡಿದು ತೋರಿಸಿದಳು. ದೀಪದ ಬಾಜೂಕ್ಕೇ ಅವಳ ಬದನಿ, ಟೊಮ್ಯಾಟೊ ಮಡಿ. “ಊರಾಗಿನ ಹುಳಾ ಎಲ್ಲಾ ಕರದು ನನ್ನ ಬದನಿಗೇ ಬಿಟ್ಟೀರಿ. ಎಣಸೂದು ನಿಮ್ಮದು, ತಿನ್ನೂದು ಅವರದು” ಅಂದಳು. ಮಾತು ಖರೇ ಇತ್ತು. ದೀಪಕ್ಕೆ ಬಂದ ಹೆಣ್ಣು ಸಮೀಪದ ಗಿಡದ ಮೇಲೆ ಮೊಟ್ಟೆ ಇಟ್ಟು ಹೋಗುತ್ತದೆ. ದೀಪವನ್ನು ಕಾಯಿಪಲ್ಯೆ ಮಡಿಯಿಂದ ದೂರ, ಕಣದ ಕಡೆ ಸರಿಸಿದೆ.

ಈಗ ಹೊತ್ತು ಮುಳುಗಿದ ಮೇಲೆ ಹಚ್ಚಿ ಹತ್ತು ಗಂಟೆಗೆ ಆರಿಸುತ್ತೇನೆ. ವಾರಕ್ಕೆ ಎರಡು ರಾತ್ರಿ ಸಾಕು. ಎಣಿಸುತ್ತೇನೆ, ಕೊಲ್ಲುವುದಿಲ್ಲ. ಕೊಲ್ಲಲೇಬೇಕಾದ ಪತಂಗ ಒಂದೈತಿ. ಅದನ್ನು ಮುಂದೆ ಹೇಳುವೆ.

ವಹಿಯಲ್ಲಿ ಏನು ಬರೆಯಬೇಕು

ಮೊಮ್ಮಗಳ ಶಾಲೆಯ ಉಳಿದ ನೋಟ್‌ಬುಕ್ಕೇ ನನ್ನ ವಹಿ. ತಾರೀಖು, ತಿಥಿ, ಮೋಡ, ಗಾಳಿ, ಮಳೆ ಎಷ್ಟು ದಿನದ ಹಿಂದೆ ಆಯಿತು, ದೀಪ ಹಚ್ಚಿದ ಹೊತ್ತು, ಯಾವ ಪತಂಗ ಎಷ್ಟು, ಇಷ್ಟೇ. ಹೆಸರು ಗೊತ್ತಿಲ್ಲದ್ದಕ್ಕೆ ನಾವೇ ಹೆಸರು ಇಟ್ಟೆವು. ‘ಒಣ ಎಲಿ’, ‘ಬೂದಿ ಬಣ್ಣದ್ದು’, ‘ಸೀರೆ ಅಂಚಿನದು’ ಹೀಗೆ. ಮೊಮ್ಮಗಳು ಪಕ್ಕಕ್ಕೆ ರೆಕ್ಕೆಯ ಚಿತ್ರ ಬರೆಯುತ್ತಾಳೆ. ಭಾರತದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜಾತಿಯ ಪತಂಗ ಇವೆ. ಎಲ್ಲದರ ಹೆಸರು ಕಲಿಯುವ ಗರಜು ನಮಗಿಲ್ಲ. ಬೆಳೆ ತಿನ್ನುವ ಐದಾರು ಗುರುತು ಹಿಡಿದರೆ ಸಾಕು.

ತಿಥಿ ಯಾಕೆ ಬರೆಯಬೇಕೆಂದರೆ ಬೆಳದಿಂಗಳಲ್ಲಿ ದೀಪಕ್ಕೆ ಪತಂಗ ಕಡಿಮೆ ಬರುತ್ತವೆ. ಮೊದಲ ವರ್ಷ ಹುಣ್ಣಿಮೆಗೆ ಎರಡೇ ಬಂದವೆಂದು ನಿಶ್ಚಿಂತೆಯಿಂದ ಮಲಗಿದ್ದೆ. ಅಮವಾಸ್ಯೆಯ ಲೆಕ್ಕವನ್ನು ಅಮವಾಸ್ಯೆಗೇ ಹೋಲಿಸಬೇಕು. ಗಾಳಿ ಜೋರಿದ್ದರೂ ಕಡಿಮೆ. ಮೋಡ ಮುಚ್ಚಿ, ಸೆಕೆಯಾಗಿ, ಗಾಳಿ ನಿಂತ ರಾತ್ರಿ ಹೆಚ್ಚು.

ಗುರುತು ಹಿಡಿಯುವ ಪತಂಗಗಳು

ಕಾಯಿಕೊರಕ: ಗಂಡು ತುಸು ಹಸಿರು ಛಾಯೆಯ ಬೂದು, ಹೆಣ್ಣು ಕಂದು. ಮುಂದಿನ ರೆಕ್ಕೆಯ ನಡುವೆ ಕಪ್ಪು ಚುಕ್ಕಿ. ಹಿಂದಿನ ರೆಕ್ಕೆ ಬಿಳಿಚು, ಅಂಚಿಗೆ ಅಗಲ ಕಪ್ಪು ಪಟ್ಟಿ. ಕಡಲಿ, ತೊಗರಿ, ಹತ್ತಿ, ಮೆಣಸಿನಕಾಯಿ, ಸೂರ್ಯಕಾಂತಿ ಯಾವುದನ್ನೂ ಬಿಡುವುದಿಲ್ಲ.

ಎಲೆ ತಿನ್ನುವ ತಂಬಾಕಿನ ಹುಳದ ಪತಂಗ: ಕಂದು ರೆಕ್ಕೆಯ ಮೇಲೆ ಬಿಳಿ ಗೆರೆಗಳು ಅಡ್ಡತಿಡ್ಡ. ಮೊಟ್ಟೆ ಗುಂಪಾಗಿ ಇಟ್ಟು ಮೇಲೆ ಕೂದಲು ಮುಚ್ಚುತ್ತದೆ. ಇದಕ್ಕೆ ಔಡಲ ಎಂದರೆ ಪ್ರಾಣ. ಶೇಂಗಾ, ಮೆಣಸಿನಕಾಯಿ ಹೊಲದ ಸುತ್ತ ಔಡಲ ಹಾಕಿ, ಮೊಟ್ಟೆ ಇಟ್ಟ ಎಲೆ ಹರಿದು ಸುಟ್ಟರೆ ಅರ್ಧ ಕೆಲಸ ಆಯಿತು.

ಗೋವಿನಜೋಳದ ಸೈನಿಕ ಹುಳ: ಅಮೆರಿಕಾ ಖಂಡದ ಹುಳ. 2018ರ ಮೇ ತಿಂಗಳಲ್ಲಿ ನಮ್ಮದೇ ಶಿವಮೊಗ್ಗ ಭಾಗದಲ್ಲಿ ದೇಶದಲ್ಲೇ ಮೊದಲು ಕಂಡಿತು. ಗಂಡಿನ ಮುಂದಿನ ರೆಕ್ಕೆಯ ತುದಿಗೆ ಬಿಳಿ ಮಚ್ಚೆ ಇರುತ್ತದೆ.

ಔಡಲದ ಕೊಂಡಿ ಹುಳದ ಪತಂಗ: ಹಿಂದಿನ ರೆಕ್ಕೆ ಕಪ್ಪು, ಅದರಲ್ಲಿ ಬಿಳಿ ಪಟ್ಟಿ. ಇದನ್ನು ಮೊದಲು ಕಾಯಿಕೊರಕವೆಂದು ಎಣಿಸಿ ಗಾಬರಿಯಾಗಿದ್ದೆ. ಹಿಂದಿನ ರೆಕ್ಕೆ ಬಿಚ್ಚಿ ನೋಡದೇ ಲೆಕ್ಕ ಹಿಡಿಯಬಾರದು.

ಕಂಬಳಿ ಹುಳಕ್ಕೆ ಊರೇ ದೀಪ ಹಚ್ಚಬೇಕು

ಕೊಲ್ಲಬೇಕೆಂದು ಹೇಳಿದ ಪತಂಗ ಇದೇ. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆ ಮಸಾರಿಯಲ್ಲಿ ಶೇಂಗಾ ಬಿತ್ತುವವರಿಗೆ ಕೆಂಪು ತಲೆಯ ಕಂಬಳಿ ಹುಳ ಗೊತ್ತಿದ್ದದ್ದೇ. ಹಿಂಡಾಗಿ ಬಂದರೆ ಹೊಲ ಬೋಳು. ಇದರ ಪತಂಗ ಬಿಳಿ ಮೈಯದು, ಮುಂದಿನ ರೆಕ್ಕೆಯ ಅಂಚಿಗೆ ಹಳದಿ ಗೆರೆ, ಹಿಂದಿನ ರೆಕ್ಕೆಯಲ್ಲಿ ಕಪ್ಪು ಚುಕ್ಕಿ. ವರ್ಷದ ಬಹುಕಾಲ ಕೋಶವಾಗಿ ಬದುವಿನ ಮಣ್ಣಲ್ಲಿ, ಗಿಡದ ನೆರಳಲ್ಲಿ ಮಲಗಿರುತ್ತದೆ. ಮುಂಗಾರಿನ ಮೊದಲ ಜೋರು ಮಳೆ ಬಿದ್ದ ಕೆಲವೇ ದಿನಕ್ಕೆ ಎಲ್ಲಾ ಒಮ್ಮೆಲೇ ಏಳುತ್ತವೆ.

ನನ್ನ ವಹಿಯಲ್ಲಿ ಇದು ಪ್ರತಿ ವರ್ಷವೂ ಹಾಗೇ ಬಂದೈತಿ. ಮಿರಗದ ಮಳೆ ಆಗಲಿ, ಆರಿದ್ರಾ ಆಗಲಿ, ಮಳೆಯ ಬೆನ್ನಿಗೆ ಬಿಳಿ ಪತಂಗ. ಎರಡು ವರ್ಷದ ಹಿಂದೆ ಈ ಪುಟ ತೋರಿಸಿ ಬಾಜೂದವರನ್ನು ಕೂಡಿಸಿದೆ. “ಮಾವಾರ, ಹುಳಾ ಎಣಿಸಿದ್ರ ಬೆಳಿ ಬರತೈತೇನ್ರಿ?” ಎಂದು ನಕ್ಕವರೂ ಇದ್ದರು. ಆದರೂ ಎಂಟು ಮನೆಯವರು ಒಪ್ಪಿದರು. ಮಳೆಯಾದ ಮೇಲೆ ನಾಲ್ಕು ರಾತ್ರಿ ಎಲ್ಲರೂ ಹೊಲದ ಅಂಚಿಗೆ ಕಂದೀಲು, ಬ್ಯಾಟರಿ ದೀಪ ಹಚ್ಚಿ, ಕೆಳಗೆ ನೀರಿನ ಪರಾತಕ್ಕೆ ತುಸು ಸೀಮೆಎಣ್ಣೆ ಹಾಕಿ ಇಟ್ಟೆವು. ಕೆಲವರು ಕಸ ಕೂಡಿಸಿ ಬೆಂಕಿ ಹಾಕಿದರು. ಮೊಟ್ಟೆ ಇಡುವ ಮೊದಲೇ ಪತಂಗ ಬಿದ್ದವು. ಆ ವರ್ಷ ಮೂಲೆಯಲ್ಲಿ ಅಷ್ಟಿಷ್ಟು ಕೀಡಿ ಕಂಡದ್ದು ಬಿಟ್ಟರೆ ಶೇಂಗಾ ಉಳಿಯಿತು.

ಒಬ್ಬನೇ ಹಚ್ಚಿದರೆ ಊರ ಪತಂಗವೆಲ್ಲಾ ಅವನ ಹೊಲಕ್ಕೇ. ಕೂಡಿ ಹಚ್ಚಬೇಕು. ಬೇಸಿಗೆಯಲ್ಲಿ ಆಳವಾಗಿ ರಂಟಿ ಹೊಡೆದರೆ ಕೋಶ ಮೇಲೆ ಬಿದ್ದು ಬಿಸಿಲಿಗೂ ಹಕ್ಕಿಗೂ ಹೋಗುತ್ತವೆ.

ಕಡಲಿಗೆ ಆದ ಉಪಯೋಗ

ದೀಪದ ಜೊತೆ ಹೊಲದಲ್ಲಿ ಎಕರೆಗೆ ಎರಡು ಮೋಹಕ ಬಲೆ ಕಟ್ಟುತ್ತೇನೆ. ಬಲೆಯ ಗುಳಿಗೆಯ ವಾಸನೆಗೆ ಕಾಯಿಕೊರಕದ ಗಂಡು ಮಾತ್ರ ಬೀಳುತ್ತದೆ, ಲೆಕ್ಕ ಸುಲಭ. ಗುಳಿಗೆಯನ್ನು ಮೂರ್ನಾಲ್ಕು ವಾರಕ್ಕೆ ಬದಲಿಸಬೇಕು. ಒಂದು ಬಲೆಗೆ ರಾತ್ರಿಗೆ 8ರಿಂದ 10 ಪತಂಗ ಬೀಳತೊಡಗಿದರೆ ಎಚ್ಚರ ಎಂದು ತಿಳಿದವರು ಹೇಳುತ್ತಾರೆ.

ಕಳೆದ ಹಿಂಗಾರಿಯಲ್ಲಿ ಛಟ್ಟಿ ಅಮವಾಸ್ಯೆಯ ತನಕ ದೀಪಕ್ಕೆ ಎರಡು, ಮೂರು ಬರುತ್ತಿದ್ದವು. ಬಾಜೂದವರು ಅಷ್ಟರಲ್ಲಿ ಒಂದು ಸಲ ಹೊಡೆದಿದ್ದರು. ನಾನು ಕೈ ಕಟ್ಟಿ ಕುಂತೆ. ಖರೇ ಹೇಳಬೇಕೆಂದರೆ ನಿದ್ದೆ ಬರಲಿಲ್ಲ. ಅಮವಾಸ್ಯೆ ದಾಟಿ ಬೆಳದಿಂಗಳು ಬರುತ್ತಿದ್ದರೂ ಲೆಕ್ಕ ಏರಿತು, ಒಂದು ರಾತ್ರಿ ಹನ್ನೊಂದು. ಬಲೆಯೂ ಅದನ್ನೇ ಹೇಳಿತು. ನಾಲ್ಕನೆಯ ದಿನ ಹೊಲದಲ್ಲಿ ಸಾಲು ಸಾಲು ಕುಡಿ ತಿರುವಿ ನೋಡಿದೆವು. ನೂಲಿನಷ್ಟು ಸಣ್ಣ ಮರಿ, ಮೀಟರ್ ಸಾಲಿಗೆ ಎರಡರ ಮೇಲೆ. ಅಂದೇ ಸಂಜೆ ಬೇವಿನ ಬೀಜದ ತಿರುಳಿನ ಕಷಾಯ ಹೊಡೆದೆವು. ನೂರು ಲೀಟರ್ ನೀರಿಗೆ ಐದು ಕಿಲೋ ತಿರುಳಿನ ಪುಡಿ, ರಾತ್ರಿ ನೆನೆಸಿ ಸೋಸಿ ತುಸು ಸಾಬೂನು ನೀರು ಕೂಡಿಸಿದ್ದು. ಹಕ್ಕಿ ಕೂಡಲು ಕವಲು ಕಟ್ಟಿಗೆ ನೆಟ್ಟೆವು. ಎಂಟು ದಿನ ಬಿಟ್ಟು ಔಷಧಿ ಒಂದೇ ಸಲ.

ತೂತು ಕಾಯಿ ಇರಲೇ ಇಲ್ಲವೆಂದಲ್ಲ. ಆದರೆ ಅಂಗಡಿಯಲ್ಲಿ ಉದ್ರಿ ಬರೆಸದೇ ಕಡಲಿ ಮನೆಗೆ ಬಂತು.

ಎಲ್ಲಾ ಪತಂಗ ವೈರಿಯಲ್ಲ

ದೀಪಕ್ಕೆ ಬಂದ ನೂರರಲ್ಲಿ ಬೆಳೆ ತಿನ್ನುವವು ಕೆಲವೇ. ಒಂದು ರಾತ್ರಿ ಬೆನ್ನ ಮೇಲೆ ತಲೆಬುರುಡೆಯಂಥ ಗುರುತಿನ ದಪ್ಪ ಪತಂಗ ಬಂತು. ಹಿಡಿದರೆ ಚಿಂವ್ ಎಂದು ಕೂಗುತ್ತದೆ. ಮನೆಯವರು ಅಪಶಕುನ ಎಂದರು. ಅದು ಎಳ್ಳಿನ ಗಿಡದಲ್ಲಿ ಬೆಳೆವ ಕೊಂಬಿನ ಕೀಡಿಯ ತಾಯಿ, ಮತ್ತೇನಲ್ಲ. ಅದರ ಬಳಗದ ಉದ್ದ ಸೊಂಡಿಲಿನ ಪತಂಗಗಳೇ ರಾತ್ರಿ ಪಪ್ಪಾಯಿ ಹೂವಿಗೆ ಪರಾಗ ಮುಟ್ಟಿಸುತ್ತವೆ. ರೇಷ್ಮೆ ಕೊಡುವುದೂ ಪತಂಗದ ಮರಿಯೇ. ಗುಬ್ಬಿ ತನ್ನ ಮರಿಗೆ ಉಣಿಸುವುದೂ ಕೀಡಿಯನ್ನೇ. ನಮ್ಮ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಅದರ ಅಂಚಿನ ಶಿರಹಟ್ಟಿ, ಮುಂಡರಗಿ ಊರಿನವರು ದೀಪ ಹಚ್ಚಿದರೆ ನನಗಿಂತ ಹೆಚ್ಚು ಬಗೆ ಕಂಡಾರು. ಜಗತ್ತಿನಲ್ಲಿ 2012ರಿಂದ ಪ್ರತಿ ಜುಲೈ ಕೊನೆಯ ವಾರ ಪತಂಗ ಸಪ್ತಾಹ ನಡೆಯುತ್ತದೆ. ಆ ವಾರ ಶಾಲೆಯ ಮಕ್ಕಳನ್ನು ಕರೆದು ಒಂದು ಧೋತರ ಕಟ್ಟಿ ನೋಡಿರಿ.

ಕೊನೆಗೆ ಒಂದು ಎಚ್ಚರ. ದೀಪದ ಲೆಕ್ಕ ಹೊಲದ ಲೆಕ್ಕವಲ್ಲ. ಹೊಲಕ್ಕೆ ಹೋಗುವ ದಿನ ಇದು ಎಂದು ಅದು ಹೇಳುತ್ತದೆ, ಅಷ್ಟೇ. ಕಣ್ಣಿನಿಂದ ಕುಡಿ ನೋಡದೇ ಪಂಪು ಹೆಗಲಿಗೇರಿಸಬಾರದು. ಪತಂಗದ ಗುರುತು ಸಿಗದಿದ್ದರೆ ಬೆಂಕಿಪೆಟ್ಟಿಗೆಯಲ್ಲಿ ಹಾಕಿಕೊಂಡು ಹುಲಕೋಟಿ ಕೃಷಿ ವಿಜ್ಞಾನ ಕೇಂದ್ರಕ್ಕೋ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೋ ಒಯ್ದು ತೋರಿಸಿರಿ.

ಈ ಮುಂಗಾರಿಗೆ ನಿಮ್ಮ ಊರಲ್ಲಿ ಬಿಳಿ ಪತಂಗ ಎಂದು ಎದ್ದವು, ಮಳೆಯಾದ ಎಷ್ಟನೆಯ ದಿನಕ್ಕೆ ಎಂದು ಬರೆದಿಟ್ಟು ಪತ್ರಿಕೆಗೆ ಒಂದು ಕಾರ್ಡು ಹಾಕಿರಿ. ಹತ್ತು ಊರಿನ ಲೆಕ್ಕ ಕೂಡಿದರೆ ಹನ್ನೊಂದನೆಯ ಊರಿನವನ ಶೇಂಗಾ ಉಳಿದೀತು.