ನೀರಿಗೆ ಗುದ್ದಿದರೆ ಕೈ ಚುರುಕಾಗುತ್ತದೆಯೇ?

1961ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆ ಹತ್ತೊಂಬತ್ತರ ಹುಡುಗನೊಬ್ಬನ ಚಿತ್ರಗಳನ್ನು ಅಚ್ಚು ಹಾಕಿತು. ಮಯಾಮಿಯ ಹೋಟೆಲೊಂದರ ಈಜುಕೊಳದ ತಳದಲ್ಲಿ ಕಾಲೂರಿ, ಮುಷ್ಟಿ ಬಿಗಿದು, ಕಣ್ಣು ಬಿಟ್ಟುಕೊಂಡೇ ಆತ ಕಾದಾಟಕ್ಕೆ ನಿಂತಿದ್ದ. ಹಿಂದಿನ ವರ್ಷ ರೋಮ್ ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್ ಚಿನ್ನ ಗೆದ್ದಿದ್ದ ಕ್ಯಾಷಿಯಸ್ ಕ್ಲೇ, ಅಂದರೆ ಮುಂದಿನ ಮೊಹಮ್ಮದ್ ಅಲಿ. ನೀರಿನಡಿ ಗುದ್ದಿ ಗುದ್ದಿಯೇ ಕೈ ಚುರುಕು ಮಾಡಿಕೊಳ್ಳುತ್ತೇನೆ ಎಂದು ಛಾಯಾಗ್ರಾಹಕ ಫ್ಲಿಪ್ ಶುಲ್ಕೆ ಅವರಿಗೆ ಆತ ಹೇಳಿದ್ದ. ಶುಲ್ಕೆ ನಂಬಿದರು, ಪತ್ರಿಕೆ ನಂಬಿತು, ಓದುಗರೂ ನಂಬಿದರು.

ಅದು ಶುದ್ಧ ಬುರುಡೆ. ಕ್ಲೇಗೆ ಈಜಲೂ ಬರುತ್ತಿರಲಿಲ್ಲ. ಶುಲ್ಕೆ ನೀರೊಳಗಿನ ಚಿತ್ರಗಳಲ್ಲಿ ಪಳಗಿದವರು, ‘ಲೈಫ್’ಗೂ ಕೆಲಸ ಮಾಡುತ್ತಾರೆ ಎಂದು ಗೊತ್ತಾದದ್ದೇ ತಡ, ಹುಡುಗ ಕಥೆ ಕಟ್ಟಿದ್ದ. ನಿಜ ಗೊತ್ತಾಗಲು ಶುಲ್ಕೆ ಅವರಿಗೆ ಕೆಲವು ವರ್ಷಗಳೇ ಹಿಡಿದವು. ಪ್ರಚಾರದ ಅಖಾಡದಲ್ಲಿ ಅಲಿಯ ಮೊದಲ ನಾಕೌಟ್ ಇದೇ ಇರಬೇಕು.

ಸುಳ್ಳು ಬಯಲಾದರೂ ಆ ಚಿತ್ರಗಳ ಮೋಹ ಇಳಿಯಲಿಲ್ಲ. ಕರಾಟೆ, ಬಾಕ್ಸಿಂಗ್ ಕಲಿಯುವವರು ಇಂದಿಗೂ ಎದೆಮಟ್ಟದ ನೀರಿಗಿಳಿದು ಪಂಚ್ ಅಭ್ಯಾಸ ಮಾಡುತ್ತಾರೆ. ಹಾಗೆಂದು ಅವರನ್ನು ಗೇಲಿ ಮಾಡುವಂತಿಲ್ಲ. ಕ್ಲೇ ಹೇಳಿದ್ದು ಸುಳ್ಳಾದರೂ ನೀರು ಮಾಡುವ ಕೆಲಸ ಸುಳ್ಳಲ್ಲ. ಅದು ಯಾವ ಕೆಲಸ ಮಾಡುತ್ತದೆ, ಯಾವುದನ್ನು ಮಾಡುವುದಿಲ್ಲ ಎಂಬಲ್ಲೇ ಗೊಂದಲವಿರುವುದು.

ಜಪಾನಿನವರದು ಬೇರೆಯೇ ದಾರಿ. ಅಲ್ಲಿನ ಡೋಜೊಗಳಲ್ಲಿ, ಅಂದರೆ ಅಭ್ಯಾಸಶಾಲೆಗಳಲ್ಲಿ, ‘ಕಾಂಗೇಕೊ’ ಎಂಬ ಚಳಿಗಾಲದ ಕಠಿಣ ಅಭ್ಯಾಸವಿದೆ. ಜನವರಿಯ ಕೊರೆಯುವ ಚಳಿಯಲ್ಲಿ ಬಿಳಿ ಉಡುಪು ತೊಟ್ಟ ಕರಾಟೆ ವಿದ್ಯಾರ್ಥಿಗಳು ಸಮುದ್ರಕ್ಕಿಳಿದು, ಅಲೆಗೆ ಎದುರಾಗಿ ಸಾಲಾಗಿ ನಿಂತು ಪಂಚ್ ಹಾಕುತ್ತಾರೆ. ಮಾಸ್ ಒಯಾಮ ಕಟ್ಟಿದ ಕ್ಯೋಕುಶಿನ್ ಶೈಲಿಯವರು ಜಲಪಾತದಡಿಯಲ್ಲಿ ನಿಲ್ಲುವುದೂ ಇಂಥದ್ದೇ. ಆದರೆ ಅಲ್ಲಿ ಪಳಗಿಸುವುದು ಮನಸ್ಸನ್ನು. ಕೈಯ ವೇಗ ಹೆಚ್ಚಿಸಲೆಂದು ಯಾರೂ ಹಿಮದಂಥ ನೀರಿಗೆ ಇಳಿಯುವುದಿಲ್ಲ. ಚಳಿಗೆ ಸೆಟೆದ ಸ್ನಾಯು ಚುರುಕಾಗಿ ಓಡುವುದೂ ಇಲ್ಲ.

ವೇಗ, ಬಲಗಳ ಲೆಕ್ಕವೇ ಬೇಕೆಂದರೆ ಈಜುಕೊಳಕ್ಕೆ ಬರಬೇಕು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದರೊಳಗೆ ಚಲಿಸುವ ವಸ್ತುವಿಗೆ ಒದಗುವ ತಡೆ, ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಸಾಧಾರಣ ಗಾತ್ರದ ಮುಷ್ಟಿಯನ್ನು ನೀರಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ತಳ್ಳಿದರೆ ಅಂದಾಜು ಅರ್ಧ ಕಿಲೋ ಭಾರ ತಳ್ಳಿದಂತೆ; 2 ಮೀಟರಿಗೆ 2 ಕಿಲೋ, 3 ಮೀಟರಿಗೆ ನಾಲ್ಕೂವರೆ. ಮುಂಗೈ, ತೋಳುಗಳ ಪಾಲು ಬೇರೆ. ಎಷ್ಟು ಜೋರಾಗಿ ಹೊಡೆಯುತ್ತೀರೋ ಅಷ್ಟೇ ಭಾರ ಎದುರಾಗುತ್ತದೆ, ನಿಲ್ಲಿಸಿದರೆ ಮಾಯ. ಜಿಮ್ಮಿನ ಯಾವ ಡಂಬಲ್ಲಿಗೂ ಈ ಗುಣವಿಲ್ಲ. ಡಂಬಲ್ ಹಿಡಿದು ಪಂಚ್ ಹಾಕುವವರಿಗೆ ಭಾರ ನೆಲದ ಕಡೆಗೆ ಎಳೆಯುತ್ತದೆ, ಹೊಡೆತ ಹೋಗಬೇಕಾದ್ದು ಎದುರಿಗೆ. ಅದರಿಂದ ಭುಜ ದಣಿಯುತ್ತದೆಯೇ ಹೊರತು ಗುದ್ದು ಬಲಿಯುವುದಿಲ್ಲ. ನೀರಿನ ತಡೆ ಮಾತ್ರ ಹೊಡೆತದ ದಾರಿಗೇ ಅಡ್ಡ ನಿಲ್ಲುತ್ತದೆ.

ಇನ್ನೊಂದು ಲಾಭ ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಗಾಳಿಯಲ್ಲಿ ಹಾಕಿದ ಪಂಚ್ ಕೊನೆಯಲ್ಲಿ ನಿಲ್ಲಬೇಕಾದರೆ ತೋಳಿನ ಹಿಂದುಮುಂದಿನ ಸ್ನಾಯುಗಳೇ ಬ್ರೇಕ್ ಹಾಕಬೇಕು. ಹೊಸಬರ ಮೊಣಕೈ ನೋಯುವುದು ಇಲ್ಲೇ. ನೀರಿನಲ್ಲಿ ಆ ಬ್ರೇಕನ್ನು ನೀರೇ ಹಾಕುತ್ತದೆ. ಕೈ ಹಿಂದಕ್ಕೆಳೆಯುವಾಗಲೂ ಅಷ್ಟೇ ತಡೆ ಇರುವುದರಿಂದ ಬೆನ್ನು, ಭುಜದ ಹಿಂಭಾಗಕ್ಕೂ ಕೆಲಸ ಸಿಗುತ್ತದೆ. ಕರಾಟೆಯವರು ‘ಹಿಕಿತೆ’ ಎಂದು ಕರೆಯುವ, ಸೊಂಟದ ಬಳಿಗೆ ಕೈ ಸೆಳೆದುಕೊಳ್ಳುವ ಚಲನೆ ಒಣನೆಲದಲ್ಲಿ ಬರೀ ಶಾಸ್ತ್ರಕ್ಕೆ ಎಂಬಂತಾಗಿಬಿಡುತ್ತದೆ. ನೀರಿನಲ್ಲಿ ಅದು ಬೆವರಿಳಿಸುತ್ತದೆ. ನನ್ನನ್ನು ಕೇಳಿದರೆ ನೀರಿಗಿಳಿಯಲು ಇದೊಂದೇ ಕಾರಣ ಸಾಕು.

ಇನ್ನು ವೇಗದ ಪ್ರಶ್ನೆ. ಕೆನಡಾದ ಬೆನ್ನೆಲುಬು ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪಳಗಿದ ಎಂಎಂಎ (ಮಿಶ್ರ ಸಮರಕಲೆ) ಹೋರಾಟಗಾರರ ಸ್ನಾಯುಗಳನ್ನು ಗಮನಿಸಿತು. ಹೊಡೆತ ಹೊರಡುವಾಗ ಸ್ನಾಯು ಒಮ್ಮೆ ಬಿಗಿಯುತ್ತದೆ, ನಡುದಾರಿಯಲ್ಲಿ ಸಡಿಲುತ್ತದೆ, ತಾಗುವ ಕ್ಷಣಕ್ಕೆ ಮತ್ತೆ ಬಿಗಿಯುತ್ತದೆ. ನಡುವೆ ಸಡಿಲಿಸಬಲ್ಲವನ ಕೈಗೇ ವೇಗ. ಬಿಗಿದ ಸ್ನಾಯು ತನಗೆ ತಾನೇ ಅಡ್ಡಿ. ನೀರಿನಲ್ಲಿ ಈ ವಿದ್ಯೆ ಕಲಿಯಲು ಆಗುವುದೇ ಇಲ್ಲ. ನಡುದಾರಿಯಲ್ಲಿ ಸಡಿಲಿಸಿದಿರೋ, ಕೈ ಅಲ್ಲೇ ನಿಂತುಬಿಡುತ್ತದೆ. ಕೊನೆಯವರೆಗೂ ತಳ್ಳುತ್ತಲೇ ಇರಬೇಕು. ವಾರವಿಡೀ ನೀರಿನಲ್ಲೇ ಗುದ್ದುವವನಿಗೆ ತಳ್ಳುವ ಅಭ್ಯಾಸವಾಗುತ್ತದೆ, ಹೊಡೆಯುವ ಅಭ್ಯಾಸ ತಪ್ಪುತ್ತದೆ.

ಕಾಲಿನ ವಿಷಯವೂ ಇದೆ. ಸೋವಿಯತ್ ಬಾಕ್ಸರ್‌ಗಳ ಮೇಲೆ ನಡೆದು 1985ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನುರಿತವರ ನೇರ ಪಂಚ್‌ನಲ್ಲಿ ಕಾಲಿನ ಪಾಲು ಶೇ 38ರಷ್ಟು, ಮುಂಡದ್ದು 37ರಷ್ಟು, ಕೈಯದು ಕೇವಲ 24ರಷ್ಟು. ಅಂದರೆ ಗುದ್ದು ಹುಟ್ಟುವುದು ನೆಲದಲ್ಲಿ. ಸೊಂಟಮಟ್ಟದ ನೀರಿನಲ್ಲಿ ದೇಹದ ಭಾರ ಅರ್ಧದಷ್ಟಾಗುತ್ತದೆ, ಎದೆಮಟ್ಟದಲ್ಲಿ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಪಾದ ನೆಲ ಕಚ್ಚುವುದಿಲ್ಲ, ಸೊಂಟ ತಿರುವಿದರೆ ಮೈಯೇ ಹಿಂದಕ್ಕೆ ಸರಿಯುತ್ತದೆ. ಹಾಗಾಗಿ ಕೊಳದಲ್ಲಿ ಕೈ ದುಡಿಯುತ್ತದೆ, ಕಾಲು ಅರ್ಧ ರಜೆ ಹಾಕುತ್ತದೆ.

ಇಷ್ಟಾದರೂ ನೀರಿನ ಪರವಾಗಿ ಒಂದು ಗಟ್ಟಿ ಸಾಕ್ಷಿಯಿದೆ. ಸಂಶೋಧಕರಾದ ಡೇವಿಡ್ ಬೆಹ್ಮ್ ಮತ್ತು ಡಿಗ್ಬಿ ಸೇಲ್ 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹದಿನಾರು ವಾರ ಪಾದದ ಸ್ನಾಯುಗಳಿಗೆ ತರಬೇತಿ ಕೊಡಲಾಯಿತು. ಒಂದು ಕಾಲು ವೇಗವಾಗಿ ಚಲಿಸುತ್ತಿತ್ತು. ಇನ್ನೊಂದನ್ನು ಅಲುಗದಂತೆ ಕಟ್ಟಿ, ವೇಗವಾಗಿ ಚಲಿಸಲು ಯತ್ನಿಸುವಂತೆ ಹೇಳಲಾಗಿತ್ತು. ಕೊನೆಗೆ ಎರಡೂ ಕಾಲುಗಳಿಗೆ ವೇಗದ ಚಲನೆಯಲ್ಲಿ ಒಂದೇ ಬಗೆಯ ಲಾಭ ಕಂಡಿತು. ಕಾಲು ಎಷ್ಟು ವೇಗವಾಗಿ ಓಡಿತು ಎಂಬುದಕ್ಕಿಂತ, ಎಷ್ಟು ವೇಗವಾಗಿ ಓಡಿಸಲು ಹೊರಟರು ಎಂಬುದೇ ಮುಖ್ಯವಾಯಿತು. ಇದು ಪಂಚ್‌ನ ಪ್ರಯೋಗವಲ್ಲ, ನಿಜ. ಆದರೂ ಕೋಚ್‌ಗಳಿಗೆ ಇದರಲ್ಲಿ ಪಾಠವಿದೆ. ನೀರಿನಲ್ಲಿ ಆಲಸ್ಯದಿಂದ ನೂರು ಕೈ ಬೀಸುವುದು ಬರೀ ವ್ಯಾಯಾಮ. ಸಿಡಿಯುವಂತೆ ಆರೇಳು ಹೊಡೆದು, ಉಸಿರು ಹತೋಟಿಗೆ ಬರುವವರೆಗೆ ನಿಂತು, ಮತ್ತೆ ಆರೇಳು ಹೊಡೆಯುವುದು ತರಬೇತಿ.

ಮಾಡುವ ಕ್ರಮ ಸರಳ. ಸೊಂಟಕ್ಕಿಂತ ಮೇಲೆ, ಭುಜಕ್ಕಿಂತ ಕೆಳಗೆ ನೀರಿರುವ ಜಾಗ ಬೇಕು. ಮುಷ್ಟಿ ಪೂರ್ತಿ ನೀರಿನೊಳಗೇ ಇರಬೇಕು. ನೀರು ಚಿಮ್ಮಿದರೆ ಬಲ ಮೇಲಕ್ಕೆ ಸೋರಿಹೋಯಿತೆಂದೇ ಅರ್ಥ. ಮೊಣಕೈ ಪಕ್ಕೆಯಿಂದ ಹೊರಕ್ಕೆ ಅಗಲಿದರೆ ಮುಂಗೈಗೆ ನೀರು ಅಡ್ಡ ಬಡಿಯುತ್ತದೆ, ಹೊಡೆತ ಡೊಂಕಾಗುತ್ತದೆ. ಸೆನ್ಸೈ (ಗುರು) ಹತ್ತು ಸಲ ಗದರಿಸಿ ಹೇಳಿದರೂ ತಿದ್ದಿಕೊಳ್ಳದ ತಪ್ಪು ಇಲ್ಲಿ ತಾನಾಗಿ ತಿಳಿಯುತ್ತದೆ. ಭಾರ ಸಾಲದೆನಿಸಿದರೆ ಮುಷ್ಟಿ ಬಿಚ್ಚಿ ಅಂಗೈಯಲ್ಲಿ ತಳ್ಳಬಹುದು. ಕಿಕ್ ಅಭ್ಯಾಸಕ್ಕೆ ಕೊಳದ ಅಂಚು ಹಿಡಿದುಕೊಳ್ಳಬೇಕು. ಮೊಣಕಾಲಿನಿಂದ ಪಾದದವರೆಗೆ ನೀರು ತಡೆಯುವುದರಿಂದ ತೊಡೆಸಂದಿನ ಸ್ನಾಯುಗಳು ಕೆಲವೇ ಹೊಡೆತಗಳಲ್ಲಿ ಬಸವಳಿಯುತ್ತವೆ.

ನೀರಿನಿಂದ ಹೊರಬಂದು ಗಾಳಿಗೆ ಪಂಚ್ ಹಾಕಿದಾಗ ಕೈ ಹಗುರಾಗಿ ಹಾರಿದಂತೆ ಅನಿಸುತ್ತದಲ್ಲ, ಅದನ್ನು ಪೂರ್ತಿ ನಂಬಬೇಡಿ. ಬೇಸ್‌ಬಾಲ್ ಆಟಗಾರರು ಕಣಕ್ಕಿಳಿಯುವ ಮುನ್ನ ಬ್ಯಾಟಿಗೆ ಭಾರದ ಬಳೆ ತೊಡಿಸಿ ಬೀಸುತ್ತಾರೆ. ಆಮೇಲೆ ಬ್ಯಾಟು ಹಗುರ ಅನಿಸುತ್ತದೆ, ಆದರೆ ಅಳೆದು ನೋಡಿದಾಗ ಬೀಸಿನ ವೇಗ ಹೆಚ್ಚದೆ, ಕಡಿಮೆಯಾದದ್ದೇ ಕಂಡುಬಂದಿದೆ. ಹಾಗಾಗಿ ಕೊಳದ ದಿನ ಬೇರೆ, ಪ್ಯಾಡು, ಬ್ಯಾಗುಗಳ ಮೇಲೆ ವೇಗ ಕಟ್ಟುವ ದಿನ ಬೇರೆ ಇರುವುದೇ ಒಳ್ಳೆಯದು. ಸ್ಪರ್ಧೆಯ ಹಿಂದಿನ ದಿನವಂತೂ ನೀರು ಬೇಡವೇ ಬೇಡ.

ಮಂಡಿ, ಹಿಮ್ಮಡಿ ನೋಯಿಸಿಕೊಂಡು ಚೇತರಿಸಿಕೊಳ್ಳುತ್ತಿರುವವರಿಗೆ, ಐವತ್ತು ದಾಟಿದ ಮೇಲೂ ಬೆಲ್ಟ್ ಬಿಚ್ಚಿಡದ ಹಿರಿಯರಿಗೆ ಈ ಅಭ್ಯಾಸ ಹೆಚ್ಚು ಒಗ್ಗುತ್ತದೆ. ಕೀಲುಗಳ ಮೇಲೆ ಹೊರೆ ಕಡಿಮೆ, ಮರುದಿನದ ಮೈಕೈ ನೋವೂ ಕಡಿಮೆ. ಹುಡುಗರಿಗೆ ಮಾತ್ರ ಒಂದು ಮಾತು ಮೊದಲೇ ಹೇಳಿಡಬೇಕು: ತಲೆ ನೀರಿನ ಮೇಲೇ ಇರಲಿ. ಅಲಿಯ ಚಿತ್ರ ನೋಡಿ ಉಸಿರು ಕಟ್ಟಿ ತಳದಲ್ಲಿ ನಿಂತು ಗುದ್ದಲು ಹೋದರೆ, ಅದರಲ್ಲೂ ಮುಳುಗುವ ಮುನ್ನ ಜೋರಾಗಿ ಏದುಸಿರು ಎಳೆದುಕೊಂಡಿದ್ದರೆ, ಯಾವ ಮುನ್ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪಬಹುದು. ಈಜು ಬಲ್ಲವರೂ ಆಳವಿಲ್ಲದ ಕೊಳಗಳಲ್ಲಿ ಹೀಗೆಯೇ ಮುಳುಗಿದ್ದಾರೆ. ದಡದಲ್ಲಿ ಒಬ್ಬರು ಕಣ್ಣಿಟ್ಟು ಕೂತಿರದ ಹೊರತು ಕೊಳಕ್ಕೆ ಇಳಿಯಬಾರದು.